ರಿಪೇರಿ ಮುಗಿದ ಡೀಸೆಲ್ ಎಂಜಿನ್ ತಾನಾಗಿ ರೇಸ್ ಹಿಡಿದರೆ

ಟರ್ಬೊ, ಪಂಪು, ಇಂಜೆಕ್ಟರ್, ಹೆಡ್ಡು, ಯಾವುದೋ ಒಂದು ದೊಡ್ಡ ಕೆಲಸ ಮುಗಿದು ಡೀಸೆಲ್ ಕಾರಿಗೆ ಮೊದಲ ಸೆಲ್ಫ್ ಹೊಡೆಯುವ ಹೊತ್ತಿಗೆ ಗ್ಯಾರೇಜಿನಲ್ಲಿ ಎಲ್ಲರಿಗೂ ಅವಸರ. ಗಿರಾಕಿ ಬೆಳಿಗ್ಗೆಯಿಂದ ಎದುರಿನ ಚಹಾದಂಗಡಿಯಲ್ಲಿ ಕೂತಿರುತ್ತಾನೆ, ಉಸ್ತಾದನಿಗೆ ಮುಂದಿನ ಗಾಡಿಯ ಚಿಂತೆ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಒಂದೆರಡು ನಿಮಿಷ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಎಕ್ಸಲರೇಟರ್ ಮೇಲೆ ಕಾಲಿಲ್ಲದಿದ್ದರೂ ಸದ್ದು ಏರತೊಡಗುತ್ತದೆ. ಸೈಲೆನ್ಸರಿನಿಂದ ದಟ್ಟ ಬಿಳಿ-ನೀಲಿ ಹೊಗೆ. “ಏ, ಕೀ ಬಂದ್ ಮಾಡೋ!” “ಮಾಡೀನಣ್ಣ, ನಿಲ್ಲವಲ್ದು!”

ಕೀ ಬಂದ್ ಮಾಡಿದರೂ ನಿಲ್ಲದಿರುವುದಕ್ಕೆ ಕಾರಣ ಸರಳ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಕಿಡಿ ನಿಂತರೆ ಎಂಜಿನ್ ನಿಂತಿತು. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಪಿಸ್ಟನ್ನು ಗಾಳಿಯನ್ನು 16ರಿಂದ 20 ಪಟ್ಟು ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ, ಆ ಕಾವಿನಲ್ಲಿ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಡೀಸೆಲ್ಲೇ ಆಗಬೇಕೆಂದಿಲ್ಲ. ಎಂಜಿನ್ ಆಯಿಲ್ಲಾದರೂ ಸರಿ, ತೊಳೆಯಲು ಬಳಸಿದ ಸೀಮೆಎಣ್ಣೆಯಾದರೂ ಸರಿ. ಕೀ ಬಂದ್ ಮಾಡಿದರೆ ನಿಲ್ಲುವುದು ಇಂಜೆಕ್ಟರ್ ಕೊಡುವ ಡೀಸೆಲ್ ಮಾತ್ರ. ಗಾಳಿಯ ದಾರಿಯಲ್ಲಿ ಆಯಿಲ್ ಬರುತ್ತಿದ್ದರೆ ಎಂಜಿನ್ ಅದನ್ನು ಕುಡಿದು ಓಡುತ್ತಲೇ ಇರುತ್ತದೆ. ವೇಗ ಹೆಚ್ಚಿದಷ್ಟೂ ಟರ್ಬೊ, ಅಂದರೆ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತಳ್ಳುವ ಫ್ಯಾನು, ಜೋರಾಗಿ ತಿರುಗುತ್ತದೆ, ಟರ್ಬೊ ತಿರುಗಿದಷ್ಟೂ ಹೆಚ್ಚು ಗಾಳಿ, ಹೆಚ್ಚು ಆಯಿಲ್. ಆಯಿಲ್ ಮುಗಿಯಬೇಕು, ಇಲ್ಲವೇ ಎಂಜಿನ್ ಸೀಜ್ ಆಗಿ ಬಿಗಿದು ನಿಲ್ಲಬೇಕು, ಇಲ್ಲವೇ ಪಿಸ್ಟನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಎಂಜಿನ್ ಬ್ಲಾಕ್ ಒಡೆದು ಹೊರಬರಬೇಕು. ಅದಕ್ಕೂ ಮುಂಚೆ ನಿಲ್ಲಿಸಬೇಕೆಂದರೆ ಗಾಳಿ ನಿಲ್ಲಿಸಬೇಕು. ಈ ಬರಹದ ಅರ್ಧ ಭಾಗ ಆ ಗಾಳಿ ನಿಲ್ಲಿಸುವುದರ ಬಗ್ಗೆಯೇ ಇದೆ. ಉಳಿದರ್ಧ, ಆ ಪ್ರಸಂಗವೇ ಬಾರದಂತೆ ಮಾಡುವುದರ ಬಗ್ಗೆ.

ನಮ್ಮ ಕಡೆ ಟರ್ಬೊ ಯಾಕೆ ಬೇಗ ಹೋಗುತ್ತದೆ

ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿ ಓಡುವ ರಸ್ತೆಯ ಕೆಂಪು ಧೂಳು, ಗಂಗಾವತಿ, ಸಿಂಧನೂರು ಕಡೆ ಅಕ್ಕಿ ಗಿರಣಿಗಳ ಹೊಟ್ಟು, ರಾಯಚೂರಿನ ಹತ್ತಿ ಮಿಲ್ಲುಗಳ ಸುತ್ತ ಹಾರುವ ನವಿರು ಅರಳೆ. ಏರ್ ಫಿಲ್ಟರ್ ಕಟ್ಟಿಕೊಳ್ಳಲು ಇದಕ್ಕಿಂತ ಹೆಚ್ಚೇನು ಬೇಕು? ಕಂಪನಿ ಕೊಟ್ಟ ಪುಸ್ತಕದಲ್ಲಿರುವ ಕಿಲೋಮೀಟರ್ ಲೆಕ್ಕ ನೋಡಿ ಫಿಲ್ಟರ್ ಬದಲಿಸುವವರು ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರು ಜಿಲ್ಲೆಗಳ ಮಟ್ಟಿಗೆ ತಡಮಾಡುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ. ಕಟ್ಟಿಕೊಂಡ ಫಿಲ್ಟರ್ ಹಿಂದೆ ಟರ್ಬೊ ಗಾಳಿಗಾಗಿ ಎಳೆಯುತ್ತದೆ. ಗಾಳಿ ಸಿಗದಾಗ ಆ ಎಳೆತಕ್ಕೆ ಟರ್ಬೊದ ಒಳಗಿನ ಸೀಲ್ ದಾಟಿ ಆಯಿಲ್ ಬರತೊಡಗುತ್ತದೆ. ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ಹಾಕುವ ವಸ್ತು. ಅದರ ಬುಷ್ ಸವೆಯಿತೆಂದರೆ ಆಯಿಲ್ಲಿಗೆ ತಡೆಯೇ ಇಲ್ಲ.

ಹೀಗೆ ಹೋದ ಟರ್ಬೊವನ್ನು ಬಿಚ್ಚಿ ಹೊಸದು ಹಾಕುತ್ತಾರೆ. ರೇಸ್ ಹಿಡಿಯುವುದು ಹೊಸ ಟರ್ಬೊ ಹಾಕಿದ ಮೇಲೆ, ಹಳೆಯದು ಚೆಲ್ಲಿದ ಆಯಿಲ್ಲಿನಿಂದ.

ಇಂಟರ್‌ಕೂಲರ್ ಇಳಿಸದೆ ಟರ್ಬೊ ಕೆಲಸ ಮುಗಿಯುವುದಿಲ್ಲ

ಟರ್ಬೊ ಹೋದ ಕಾರು ಗ್ಯಾರೇಜಿಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಕಡಿಮೆಯಾದ ಆಯಿಲ್ ಎಲ್ಲಿ ಹೋಯಿತು? ಸಣ್ಣ ಡೀಸೆಲ್ ಕಾರಿನ ಚೇಂಬರಿನಲ್ಲಿ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ, ಇರುವುದೇ ಸುಮಾರು ಮೂರು ಲೀಟರ್. ಒಂದೂವರೆ ಲೀಟರ್ ಕಡಿಮೆ ಬಿದ್ದಿದೆ ಎಂದರೆ ಸ್ವಲ್ಪ ಹೊಗೆಯಾಗಿ ಹೋಗಿದೆ, ಸ್ವಲ್ಪ ಸೈಲೆನ್ಸರಿನಲ್ಲಿದೆ, ಉಳಿದದ್ದು ಟರ್ಬೊ ಕಳಿಸುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ತಳದಲ್ಲಿ ಮಲಗಿದೆ. ಇಂಟರ್‌ಕೂಲರ್ ಸಾಮಾನ್ಯವಾಗಿ ಬಂಪರಿನ ಹಿಂದೆ, ತಗ್ಗಿನಲ್ಲಿರುತ್ತದೆ, ಹಾಗಾಗಿ ಅಲ್ಲಿ ಆಯಿಲ್ ನಿಲ್ಲುವುದು ಸಹಜ. ನಿಂತಲ್ಲೇ ಓಡುವಾಗ ಗಾಳಿಯ ಓಟ ಸಣ್ಣದು, ಆಯಿಲ್ ಕದಲುವುದಿಲ್ಲ. ಅದಕ್ಕೇ ಮೊದಲ ಎರಡು ನಿಮಿಷ ಎಲ್ಲ ಸರಿಯಿದ್ದಂತೆ ಕಾಣುವುದು. ಅಷ್ಟರಲ್ಲಿ ಯಾರಾದರೂ “ಒಂದು ರೇಸ್ ಕೊಡೋ, ಹೊಗಿ ಹೋಗ್ಲಿ” ಎನ್ನುತ್ತಾರೆ. ಆ ಒಂದು ರೇಸಿಗೆ ಗಾಳಿ ಜೋರಾಗಿ ನುಗ್ಗಿ ತಳದ ಆಯಿಲ್ಲನ್ನು ಎತ್ತಿಕೊಂಡು ಹೋಗಿ ನೇರ ಸಿಲಿಂಡರಿಗೆ ಸುರಿಯುತ್ತದೆ.

ಆದ್ದರಿಂದ ಇಂಟರ್‌ಕೂಲರ್ ಇಳಿಸಲೇಬೇಕು. ಬಂಪರ್ ಬಿಚ್ಚುವ ಕೆಲಸ ಎಂದು ಬಹಳ ಕಡೆ ಇದನ್ನು ಬಿಟ್ಟುಬಿಡುತ್ತಾರೆ, ಪೈಪಿನ ತುದಿಗೆ ಬಟ್ಟೆ ತೂರಿಸಿ ಒರೆಸಿ “ಕ್ಲೀನ್ ಆಯ್ತು” ಅಂತಾರೆ. ಇಳಿಸಿದ ಮೇಲೆ ಬಾಯಿ ಕೆಳಗೆ ಮಾಡಿ ಬಕೆಟ್ಟಿನ ಮೇಲೆ ನಿಲ್ಲಿಸಿ. ಮೊದಲು ಕರಿ ಆಯಿಲ್ ದಾರದಂತೆ ಸುರಿಯುತ್ತದೆ, ಆಮೇಲೆ ಹನಿ, ಆಮೇಲೆ ನಿಂತಂತೆ ಕಾಣುತ್ತದೆ. ಆಗ ಮಗ್ಗುಲು ಬದಲಿಸಿ ಅಲುಗಾಡಿಸಿ ಮತ್ತೆ ನಿಲ್ಲಿಸಿದರೆ ಇನ್ನಷ್ಟು ಬರುತ್ತದೆ, ಒಳಗಿನ ಸಣ್ಣ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡದ್ದು. ಅದೂ ನಿಂತ ಮೇಲೆ ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಕುಲುಕಿ ಚೆಲ್ಲಿ, ಕೊನೆಗೆ ಬಿಸಿನೀರು-ಸೋಪಿನ ಪುಡಿಯಿಂದ ಎರಡು ಸಲ ತೊಳೆಯಿರಿ. ಈ ಸೋಪಿನ ತೊಳೆತ ಬೇಡ ಎನ್ನುವವರಿದ್ದಾರೆ. ನಾನು ಬೇಕೇ ಬೇಕು ಎನ್ನುತ್ತೇನೆ. ಒಳಗೆ ಉಳಿದ ಸೀಮೆಎಣ್ಣೆಯೂ ಎಂಜಿನ್ನಿಗೆ ಇಂಧನವೇ. ಎರಡೂ ಬಾಯಿಂದ ಕಂಪ್ರೆಸರ್ ಗಾಳಿ ಹಿಡಿದು, ಬಿಸಿಲಲ್ಲಿ ಒಣಗಲು ಇಡಿ. ಬಳ್ಳಾರಿಯ ಏಪ್ರಿಲ್ ಬಿಸಿಲು ಈ ಒಂದು ಕೆಲಸಕ್ಕೆ ಬಹಳ ಒಳ್ಳೆಯದು. ಒಣಗಿದ ಮೇಲೆ ಒಳಗೆ ಬಿಳಿ ಬಟ್ಟೆ ಸುತ್ತಿದ ಕಡ್ಡಿ ಆಡಿಸಿ ನೋಡಿ, ಬಟ್ಟೆಗೆ ಜಿಡ್ಡು ಹತ್ತಬಾರದು.

ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಹೋಗುವ ಎರಡೂ ಹೋಸ್ ಪೈಪುಗಳಿಗೂ ಇದೇ ಉಪಚಾರ. ಮ್ಯಾನಿಫೋಲ್ಡ್ ಒಳಗೆ ಆಯಿಲ್ ನಿಂತಿದ್ದರೆ ಅದನ್ನೂ ತೆಗೆಯಬೇಕು, ಅದು ಸಿಲಿಂಡರಿಗೆ ಅತಿ ಹತ್ತಿರದ ಜಾಗ. ಟರ್ಬೊ ಹೋಗಿ ಫ್ಯಾನಿನ ರೆಕ್ಕೆ ಮುರಿದಿದ್ದರೆ ಲೋಹದ ಚೂರೂ ಇಂಟರ್‌ಕೂಲರಿನಲ್ಲಿ ಕೂತಿರುತ್ತದೆ. ಅಂಥ ಇಂಟರ್‌ಕೂಲರನ್ನು ತೊಳೆದು ನಂಬುವುದಕ್ಕಿಂತ ಬದಲಿಸುವುದು ಮೇಲು.

ಸ್ಟಾರ್ಟ್ ಮಾಡುವ ಮುಂಚೆ ನೋಡಬೇಕಾದ ಉಳಿದವು

ಆಯಿಲ್ ಮಟ್ಟ. ಕಾರು ಸಮನೆಲದಲ್ಲಿ ನಿಂತಿರಲಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ. ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ಸಾಮಾನ್ಯವಾಗಿ ಒಂದು ಲೀಟರ್‌ನಷ್ಟೇ ಅಂತರ. “ಸ್ವಲ್ಪ ಜಾಸ್ತಿ ಇರ್ಲಿ ಬಿಡ್ರಿ” ಎನ್ನುವುದು ಇಲ್ಲಿ ಉದಾರತನವಲ್ಲ. ಮಟ್ಟ ಮೇಲಿನ ಗುರುತು ದಾಟಿ ಹೋದರೆ ಕ್ರ್ಯಾಂಕು ಆಯಿಲ್ಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಆ ನೊರೆ ಚೇಂಬರಿನ ಆವಿ ಹೊರಬಿಡುವ ಬ್ರೀದರ್ ಪೈಪಿನ ದಾರಿಯಲ್ಲಿ ಏರ್ ಪೈಪಿಗೆ ಹೋಗುತ್ತದೆ. ಹೆಚ್ಚಾದದ್ದನ್ನು ಇಳಿಸಿಯೇ ಸ್ಟಾರ್ಟ್ ಮಾಡಿ. ನೀವು ಹಾಕದೆಯೇ ಆಯಿಲ್ ಮಟ್ಟ ಏರಿದ್ದರೆ, ಆಯಿಲ್ ತೆಳುವಾಗಿ ಡೀಸೆಲ್ ವಾಸನೆ ಹೊಡೆಯುತ್ತಿದ್ದರೆ, ಡೀಸೆಲ್ ಚೇಂಬರಿಗೆ ಇಳಿದಿದೆ ಎಂದರ್ಥ. ಸೋರುವ ಇಂಜೆಕ್ಟರ್ ಇರಬಹುದು. 2020ರ ಏಪ್ರಿಲ್ ನಂತರದ ಬಿಎಸ್ 6 (ಹೊಗೆ ಮಾಲಿನ್ಯದ ಹೊಸ ಮಿತಿ) ಕಾರಾದರೆ ಇನ್ನೊಂದು ಸಾಧ್ಯತೆ: ಹೊಗೆ ಸೋಸುವ ಡಿಪಿಎಫ್ ತನ್ನ ಮಸಿ ಸುಡಲು ಹೆಚ್ಚುವರಿ ಡೀಸೆಲ್ ಬಳಸುತ್ತದೆ, ಊರೊಳಗೆ ಬರೀ ಎರಡು-ಮೂರು ಕಿಲೋಮೀಟರ್ ಓಡಿಸುವವರ ಕಾರಿನಲ್ಲಿ ಆ ಸುಡುವಿಕೆ ಪದೇ ಪದೇ ಅರ್ಧಕ್ಕೆ ನಿಂತು ಡೀಸೆಲ್ ಆಯಿಲ್ಲಿಗೆ ಸೇರುತ್ತದೆ. ಎರಡರಲ್ಲಿ ಕಾರಣ ಯಾವುದೇ ಆಗಿರಲಿ, ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬೇಡಿ.

ಟರ್ಬೊದ ಆಯಿಲ್ ವಾಪಸ್ ಪೈಪು. ಟರ್ಬೊಗೆ ಆಯಿಲ್ ಒತ್ತಡದಿಂದ ಹೋಗುತ್ತದೆ, ಆದರೆ ಇಳಿಯುವುದು ತನ್ನ ಭಾರದಿಂದ. ವಾಪಸ್ ಪೈಪು ಮಡಿಚಿಕೊಂಡಿದ್ದರೆ, ಗ್ಯಾಸ್ಕೆಟ್ ಬದಲು ಧಾರಾಳವಾಗಿ ಬಳಿದ ಸಿಲಿಕಾನ್ ಒಳಗೆ ಉಬ್ಬಿ ತೂತು ಮುಚ್ಚಿದ್ದರೆ, ಇಳಿಯದ ಆಯಿಲ್ ಸೀಲ್ ದಾಟಿ ಗಾಳಿಯ ಕಡೆ ಬರುತ್ತದೆ. ಹೊಸ ಟರ್ಬೊ ಹಾಕಿ ಅದೇ ದಿನ “ಹೊಸದೂ ಆಯಿಲ್ ಬಿಡ್ತಾ ಇದೆ” ಎನ್ನುವ ಎಷ್ಟೋ ಗಾಡಿಗಳಲ್ಲಿ ತಪ್ಪು ಟರ್ಬೊದ್ದಲ್ಲ, ಆ ಪೈಪಿನದು. ಬಿಚ್ಚಿ, ಊದಿ, ಬೆಳಕಿಗೆ ಹಿಡಿದು ನೋಡುವುದು ಐದು ನಿಮಿಷದ ಕೆಲಸ.

ಬ್ರೀದರ್ ಪೈಪು. ಮೊದಲ ಸ್ಟಾರ್ಟಿಗೆ ಇದನ್ನು ಏರ್ ಪೈಪಿನಿಂದ ಕಿತ್ತು ಖಾಲಿ ಪ್ಲಾಸ್ಟಿಕ್ ಬಾಟಲಿಯೊಳಗೆ ಇಳಿಬಿಡಿ, ಏರ್ ಪೈಪಿನ ತೂತಿಗೆ ರಬ್ಬರ್ ಬಿರಡೆ ಹಾಕಿ. ಬಾಟಲಿಗೆ ಆಯಿಲ್ ಬೀಳುತ್ತದೆಯೇ ಎನ್ನುವುದು ಕಣ್ಣಿಗೆ ಕಾಣುತ್ತದೆ. ಎಲ್ಲ ಸರಿಯಿದ್ದರೆ ಕೊನೆಗೆ ಮೊದಲಿದ್ದಂತೆ ಜೋಡಿಸಿ, ಮರೆಯಬೇಡಿ. ಎಂಜಿನ್ ಬ್ಲಾಕನ್ನು ಮಗ್ಗುಲಾಗಿ ಮಲಗಿಸಿ ಕೆಲಸ ಮಾಡಿದ್ದರೆ, ಅಥವಾ ಕಾರು ಪಲ್ಟಿಯಾಗಿ ಬಂದಿದ್ದರೆ, ಈ ಪೈಪಿನಲ್ಲೂ ಸಿಲಿಂಡರಿನಲ್ಲೂ ಆಯಿಲ್ ನಿಂತಿರುತ್ತದೆ. ಇಂಜೆಕ್ಟರ್ ಅಥವಾ ಸ್ಟಾರ್ಟಿಗೆ ಮುಂಚೆ ಸಿಲಿಂಡರ್ ಕಾಯಿಸುವ ಹೀಟರ್ ಪ್ಲಗ್ ಬಿಚ್ಚಿ, ಎಂಜಿನ್ ಕೈಯಲ್ಲಿ ತಿರುಗಿಸಿ ಮೊದಲು ಅದನ್ನು ಹೊರಹಾಕಿ.

ಮೆಕ್ಯಾನಿಕಲ್ ಪಂಪು. ಹಳೆಯ ಜೀಪು, ಟಾಟಾ 407 ಲಾರಿ, ಟ್ರ್ಯಾಕ್ಟರುಗಳಲ್ಲಿ ಕಥೆ ಬೇರೆ. ಅಲ್ಲಿ ರೇಸ್ ಹಿಡಿಯುವುದು ಹೆಚ್ಚಾಗಿ ಪಂಪಿನಿಂದಲೇ. ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮವರ ಬಾಯಲ್ಲಿ ಇವತ್ತಿಗೂ ಮೈಕೋ ಪಂಪಾಗಿಯೇ ಉಳಿದಿರುವ ಆ ಸಾಲು ಪಂಪಿನೊಳಗೆ ಡೀಸೆಲ್ ಅಳತೆ ಮಾಡುವ ಒಂದು ರ‍್ಯಾಕ್ ಇದೆ. ಎಂಜಿನ್ ನಿಂತಿದ್ದಾಗ, ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಸ್ಪ್ರಿಂಗು ಆ ರ‍್ಯಾಕನ್ನು ಪೂರ್ತಿ ಡೀಸೆಲ್ ಕಡೆಗೆ ತಳ್ಳಿ ಇಟ್ಟಿರುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತ ಪಂಪಿನ ರ‍್ಯಾಕ್ ಅಲ್ಲೇ ತುಕ್ಕು ಹಿಡಿದು ಅಂಟಿಕೊಂಡರೆ, ಸ್ಟಾರ್ಟ್ ಆದ ಕ್ಷಣದಿಂದಲೇ ಪೂರ್ತಿ ಡೀಸೆಲ್. ಹಾಗಾಗಿ ಪಂಪು ಕೂರಿಸಿದ ಮೇಲೆ ಸ್ಟಾಪ್ ಲಿವರನ್ನು ಕೈಯಿಂದ ಆಡಿಸಿ, ಸಲೀಸಾಗಿ ಹೋಗಿ ತಾನಾಗಿ ಹಿಂದೆ ಬರಬೇಕು. ಎಕ್ಸಲರೇಟರ್ ಕೇಬಲ್ ಎಳೆದು ಬಿಟ್ಟಾಗ ಸ್ಪ್ರಿಂಗು ಪಟ್ಟನೆ ಎಳೆಯಬೇಕು. ಗವರ್ನರ್ ಬಿಚ್ಚಿ ಜೋಡಿಸಿದ ಪಂಪನ್ನು ಟೆಸ್ಟ್ ಬೆಂಚಿನ ಮೇಲೆ ಓಡಿಸಿ ನೋಡದೆ ಗಾಡಿಗೆ ಏರಿಸಬಾರದು, ಮೇಸ್ತ್ರಿ ಎಷ್ಟೇ ಪಳಗಿದವನಾದರೂ. ರೋಟರಿ ಪಂಪಿನ ಹಳೆಯ ಕಾರುಗಳಲ್ಲಿ ಕರೆಂಟಿನಿಂದ ಡೀಸೆಲ್ ತೆರೆದು ಮುಚ್ಚುವ ಸ್ಟಾಪ್ ಸೊಲೆನಾಯ್ಡ್ ಇರುತ್ತದೆ, ಕೀ ಹಾಕಿದಾಗ ಟಕ್ ಎಂದು ಸದ್ದು ಮಾಡುತ್ತದೆ. ಅದು ಕೆಟ್ಟಾಗ ಒಳಗಿನ ಪಿನ್ನು ತೆಗೆದು ಗಾಡಿ ಓಡಿಸುವ ಉಪಾಯ ರಸ್ತೆಬದಿಯಲ್ಲಿ ನಡೆಯುತ್ತದೆ. ಅಂಥ ಕಾರಿನಲ್ಲಿ ಕೀ ಇರುವುದು ಬರೀ ಸೆಲ್ಫ್ ಹೊಡೆಯಲು, ನಿಲ್ಲಿಸಲು ಅಲ್ಲ.

ಇನ್ನೊಂದು ಹಳೆಯ ಕಾಲದ್ದು. ಆಯಿಲ್ ಬಟ್ಟಲಿರುವ ಏರ್ ಕ್ಲೀನರ್. ಧೂಳು ಜಾಸ್ತಿ ಎಂದು ಬಟ್ಟಲಿಗೆ ಗುರುತಿಗಿಂತ ಹೆಚ್ಚು ಆಯಿಲ್ ಹಾಕಿದರೆ ಎಂಜಿನ್ ಅದನ್ನೇ ಎಳೆದುಕೊಳ್ಳುತ್ತದೆ.

ಸ್ಪ್ರೇಗಳು. ಸ್ಟಾರ್ಟ್ ಆಗುತ್ತಿಲ್ಲವೆಂದು ಏರ್ ಪೈಪಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು ಬೇಡ. ಹೀಟರ್ ಪ್ಲಗ್ ಕೆಂಪಗಿರುವಾಗ ಅದು ಪೈಪಿನಲ್ಲೇ ಸಿಡಿಯಬಹುದು. ಎಂಜಿನ್ ಓಡುತ್ತಿರುವಾಗ ಇಜಿಆರ್ (ಹೊಗೆಯ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವು) ತೊಳೆಯುವ ಸ್ಪ್ರೇಯನ್ನು ಬಾಯಿಗೆ ಸುರಿಯುವ ಹೊಸ ಪದ್ಧತಿಯೂ ಹೆಚ್ಚು ಕಡಿಮೆ ಇದೇ ಜಾತಿಗೆ ಸೇರಿದ್ದು. ಬಿಚ್ಚಿ ತೊಳೆದು ಒಣಗಿಸಿ ಹಾಕುವುದು ನಿಧಾನ, ಆದರೆ ಅಪಾಯವಿಲ್ಲ.

ಒಂದು ಹಲಗೆ ಮಾಡಿಟ್ಟುಕೊಳ್ಳಿ

ಆರು ಇಂಚು ಚೌಕದ ಮುಕ್ಕಾಲು ಇಂಚು ದಪ್ಪದ ಪ್ಲೈವುಡ್ ತುಂಡು. ಬಡಗಿ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಉಳಿಕೆ ಸಾಕು. ಅದರ ಒಂದು ಮುಖಕ್ಕೆ ಲಾರಿಯ ಹಳೆಯ ಟ್ಯೂಬಿನ ರಬ್ಬರು ಅಂಟಿಸಿ, ಸುತ್ತ ಅಂಚಿನಲ್ಲಿ ಮಾತ್ರ ಮೊಳೆ ಹೊಡೆಯಿರಿ. ನಡುವೆ ಹೊಡೆದ ಮೊಳೆಯ ತಲೆ ಗಾಳಿಗೆ ಸಂದು ಕೊಡುತ್ತದೆ, ಕಳಚಿದರೆ ಎಂಜಿನ್ನಿಗೇ ಹೋಗುತ್ತದೆ. ಇನ್ನೊಂದು ಮುಖಕ್ಕೆ ಒಂದು ಅಡಿ ಉದ್ದದ ಹಿಡಿ, ತಿರುಪಿನಿಂದ ಬಿಗಿಯಾಗಿ. ಕಾರಿನ ಗಾಳಿ ಪೈಪಿನ ಬಾಯಿ ಎರಡೂವರೆ-ಮೂರು ಇಂಚು ಇರುತ್ತದೆ, ಈ ಹಲಗೆ ಅದನ್ನು ಮುಚ್ಚಿ ಮಿಕ್ಕುತ್ತದೆ. ಹಿಡಿ ಇರುವುದು ಕೈ ಬಾಯಿಯ ಹತ್ತಿರ ಹೋಗದಿರಲಿ ಎಂದು, ನಿಮ್ಮ ಮೈ ಎಂಜಿನ್ ಮೇಲೆ ಬಾಗದಿರಲಿ ಎಂದು.

ಇದರ ಬದಲು ಬಟ್ಟೆ ತುರುಕಿದರಾಗದೆ ಎಂದರೆ, ಆಗದು. ಬಳ್ಳಾರಿ ಗ್ಯಾರೇಜುಗಳಲ್ಲಿ ಕೈ ಒರೆಸಲು ಜೀನ್ಸ್ ಚಿಂದಿಗೆ ಬರವಿಲ್ಲ, ಗಾಬರಿಯಲ್ಲಿ ಕೈಗೆ ಮೊದಲು ಸಿಗುವುದೂ ಅದೇ. ರೇಸ್ ಹಿಡಿದ ಎಂಜಿನ್ ಅದನ್ನು ಪೂರ್ತಿ ಎಳೆದುಕೊಂಡು ಟರ್ಬೊ ಫ್ಯಾನಿಗೆ ಸುತ್ತಿಸಿ ರೆಕ್ಕೆ ಮುರಿಯುತ್ತದೆ.

ಕಾರ್ಬನ್ ಡೈಆಕ್ಸೈಡ್ ತುಂಬಿದ ಬೆಂಕಿ ನಂದಿಸುವ ಸಿಲಿಂಡರ್ ಗ್ಯಾರೇಜಿನಲ್ಲಿದ್ದರೆ ಅದೂ ಪಕ್ಕದಲ್ಲಿರಲಿ. ಒಣ ಪುಡಿ ತುಂಬಿದ ಸಿಲಿಂಡರ್ ಬೆಂಕಿಗೆ ಸರಿ, ಎಂಜಿನ್ ನಿಲ್ಲಿಸಲು ಅಲ್ಲ: ಆ ಪುಡಿ ಒಳಗೆ ಹೋಗಿ ಎಂಜಿನ್ ಸಿಲಿಂಡರಿನ ಒಳಗೋಡೆ (ಬೋರು) ಹಾಳು ಮಾಡುತ್ತದೆ.

ಮೊದಲ ಸ್ಟಾರ್ಟ್

ಕಾರನ್ನು ಬಯಲಿಗೆ ತನ್ನಿ. ನಾಲ್ಕೂ ಚಕ್ರ ನೆಲದ ಮೇಲಿರಲಿ. ಜ್ಯಾಕಿನ ಮೇಲೆ, ರ‍್ಯಾಂಪಿನ ಮೇಲೆ ಮೊದಲ ಸ್ಟಾರ್ಟ್ ಬೇಡವೇ ಬೇಡ. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಕಾರಿನ ಮುಂದೆಯೂ ಹಿಂದೆಯೂ ಜನ ನಿಲ್ಲಬಾರದು. ಗಿರಾಕಿಗೂ ಈ ಮಾತು ಹೇಳಬೇಕು, ಅವರು ಬಾನೆಟ್ಟಿನೊಳಗೆ ಬಗ್ಗಿ ನೋಡುವ ಕಾತರದಲ್ಲಿರುತ್ತಾರೆ.

ಸೀಟಿನಲ್ಲಿ ಒಬ್ಬರು, ಬಾನೆಟ್ ಹತ್ತಿರ ಹಲಗೆ ಹಿಡಿದು ಒಬ್ಬರು. ಸೀಟಿನಲ್ಲಿ ಕೂರುವುದು ಹೊಸ ಹುಡುಗನ ಕೆಲಸವಲ್ಲ, ಕ್ಲಚ್ಚು-ಗೇರು ಪಳಗಿದವರೇ ಕೂರಬೇಕು. ಇಬ್ಬರೂ ಮೊದಲೇ ಕೈಸನ್ನೆ ಗೊತ್ತು ಮಾಡಿಕೊಳ್ಳಿ, ರೇಸಿನ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲ.

ಇಂಟರ್‌ಕೂಲರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಹೋಸ್ ಪೈಪನ್ನು ಮ್ಯಾನಿಫೋಲ್ಡ್ ಕಡೆ ಬಿಚ್ಚಿಟ್ಟು ಸ್ಟಾರ್ಟ್ ಮಾಡುವುದು ನನ್ನ ಪದ್ಧತಿ. ಹೀಗೆ ಮಾಡಿದರೆ ಟರ್ಬೊ ಆಯಿಲ್ ಬಿಟ್ಟರೂ ಅದು ಹೊರಗೆ ಬೀಳುತ್ತದೆ, ಎಂಜಿನ್ನಿಗೆ ತಲುಪುವುದಿಲ್ಲ. ಹಲಗೆ ಮುಚ್ಚಬೇಕಾದ ಬಾಯಿ ಎಂಜಿನ್ನಿಗೆ ಅತಿ ಹತ್ತಿರ, ನಡುವೆ ಗಾಳಿ ನುಸುಳುವ ಸಂದೂ ಕಡಿಮೆ. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಲೈಟ್ ಬರಬಹುದು, ಬರಲಿ, ಆಮೇಲೆ ಸ್ಕ್ಯಾನರಿನಲ್ಲಿ ಅಳಿಸಬಹುದು. ಫಿಲ್ಟರ್ ಇಲ್ಲದೆ ಓಡುವುದರಿಂದ ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ, ಸುತ್ತ ಚಿಂದಿ, ನಟ್ಟು, ಕಾಗದ ಏನೂ ಇಲ್ಲದಂತೆ ನೋಡಿ.

ಮೊದಲು ಡೀಸೆಲ್ ಬರದಂತೆ ಇಂಜೆಕ್ಟರ್ ಕನೆಕ್ಟರುಗಳನ್ನು ಕಿತ್ತು ಎಂಟು-ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ, ಆಯಿಲ್ ಲೈಟ್ ಆರುವ ತನಕ. ಟರ್ಬೊಗೆ ಆಯಿಲ್ ತಲುಪಿದ ಮೇಲೆಯೇ ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿ. ಎರಡು ನಿಮಿಷ ನಿಂತಲ್ಲೇ ಓಡಲಿ. ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಹಾಕುವ ಸುತ್ತು) 800ರ ಆಸುಪಾಸಿನಲ್ಲಿ ಅಲುಗದೆ ನಿಂತಿದೆಯೇ? ಬಿಚ್ಚಿದ ಪೈಪಿನಿಂದ ಆಯಿಲ್ ಉಗುಳುತ್ತಿದೆಯೇ? ಬಂದ್ ಮಾಡಿ, ಪೈಪಿನೊಳಗೆ ಬೆರಳಾಡಿಸಿ ನೋಡಿ. ಒಣಗಿದ್ದರೆ ಪೈಪು ಜೋಡಿಸಿ ಎರಡನೇ ಸಲ ಸ್ಟಾರ್ಟ್ ಮಾಡಿ. ಈ ಸಲ ಹಲಗೆ ಹಿಡಿದವರು ಟರ್ಬೊದ ಗಾಳಿ ಬಾಯಿಯ ಹತ್ತಿರ, ಫಿಲ್ಟರ್ ಪೈಪು ಬಿಚ್ಚಿಟ್ಟುಕೊಂಡು. ಹತ್ತು ನಿಮಿಷ ಎಂಜಿನ್ ಬಿಸಿಯಾಗಲಿ, ಆಮೇಲೆ ನಿಧಾನವಾಗಿ 1,500, 2,000. ಒಮ್ಮೆಲೇ ಒತ್ತಬೇಡಿ.

ಹೊಗೆ ಬಂದರೆ ಹೆದರಬೇಡಿ, ಆರ್‌ಪಿಎಂ ಮೀಟರ್ ನೋಡಿ. ಹಳೆಯ ಟರ್ಬೊ ಸೈಲೆನ್ಸರಿಗೆ ಬಿಟ್ಟ ಆಯಿಲ್ ಕಾದು ಅರ್ಧ ಗಂಟೆಯಾದರೂ ಹೊಗೆಯಾಗಿ ಬರಬಹುದು. ಹೊಗೆ ಇದ್ದೂ ಮುಳ್ಳು ಅಲ್ಲಾಡದಿದ್ದರೆ ಅದು ಸೈಲೆನ್ಸರಿನ ಬಾಕಿ. ಕಾಲು ತೆಗೆದ ಮೇಲೂ ಮುಳ್ಳು ಇಳಿಯದಿದ್ದರೆ ಅದು ಬೇರೆ.

ರೇಸ್ ಹಿಡಿದೇ ಬಿಟ್ಟರೆ

ಕೀ ಬಂದ್ ಮಾಡಿ. ನಿಲ್ಲದಿದ್ದರೂ ಮಾಡಿ, ಇಂಜೆಕ್ಟರಿನ ಡೀಸೆಲ್ ಆದರೂ ನಿಲ್ಲುತ್ತದೆ, ಹಲವು ಹೊಸ ಕಾರುಗಳಲ್ಲಿ ಗಾಳಿ ದಾರಿಯ ತಟ್ಟೆಯೂ ಮುಚ್ಚಿಕೊಳ್ಳುತ್ತದೆ. ಮೆಕ್ಯಾನಿಕಲ್ ಪಂಪಾದರೆ ಸ್ಟಾಪ್ ಲಿವರ್ ಎಳೆಯಿರಿ.

ಅದೇ ಉಸಿರಿನಲ್ಲಿ ಸೀಟಿನಲ್ಲಿರುವವರು ಬ್ರೇಕನ್ನು ಪೂರ್ತಿ ತುಳಿದು, ಕ್ಲಚ್ ಒತ್ತಿ, ಐದನೇ ಗೇರಿಗೆ ಹಾಕಿ ಕ್ಲಚ್ಚನ್ನು ಪಟ್ಟನೆ ಬಿಡಬೇಕು. ಒಂದನೇ ಗೇರಾದರೆ ಕಾರು ಕಲ್ಲು ದಾಟಿ ಹಾರುತ್ತದೆ, ಮೇಲಿನ ಗೇರಿನಲ್ಲಿ ಎಂಜಿನ್ನಿಗೆ ಆ ಎಳೆತ ಸಿಗುವುದಿಲ್ಲ, ಬ್ರೇಕಿಗೆ ಸೋತು ನಿಲ್ಲುತ್ತದೆ. ನಿಧಾನವಾಗಿ ಬಿಟ್ಟರೆ ಕ್ಲಚ್ ಪ್ಲೇಟ್ ಸುಡುತ್ತದೆ ಅಷ್ಟೇ. ಇದು ಫಲಿಸುವುದು ಮೊದಲ ಕೆಲವು ಸೆಕೆಂಡುಗಳಲ್ಲಿ, ಆರ್‌ಪಿಎಂ ತೀರ ಮೇಲೇರುವ ಮುಂಚೆ. ಒಂದೇ ಸಲ ಪ್ರಯತ್ನಿಸಿ. ಕ್ಲಚ್ ಜಾರಿ ಸುಟ್ಟ ವಾಸನೆ ಬಂದರೆ ನ್ಯೂಟ್ರಲ್ ಮಾಡಿ ಇಳಿದು ದೂರ ಹೋಗಿ. ಆಟೊಮ್ಯಾಟಿಕ್ ಗೇರಿನ ಕಾರಿಗೆ ಈ ದಾರಿಯೇ ಇಲ್ಲ, ಗಾಳಿ ಮುಚ್ಚುವುದೊಂದೇ.

ಹಲಗೆ ಹಿಡಿದವರು ಕಾಯಬೇಕಾಗಿಲ್ಲ. ಮುಳ್ಳು ಏರುತ್ತಿದೆ ಎಂಬ ಸನ್ನೆ ಬಂದ ಕೂಡಲೇ ಬಾಯಿಗೆ ಹಲಗೆ ಒತ್ತಿ. ಎಳೆತಕ್ಕೆ ಹಲಗೆ ತಾನೇ ಕಚ್ಚಿಕೊಳ್ಳುತ್ತದೆ. ಎಂಜಿನ್ ಪೂರ್ತಿ ನಿಂತು ಸದ್ದಡಗುವ ತನಕ ಸಡಿಲಿಸಬೇಡಿ: ಅರ್ಧಕ್ಕೆ ತೆಗೆದರೆ ಒಳಗಿನ ಆಯಿಲ್ಲಿಗೆ ಮತ್ತೆ ಗಾಳಿ ಸಿಕ್ಕಿ ಮೊದಲಿಗಿಂತ ಜೋರಾಗುತ್ತದೆ. ಪೈಪುಗಳೆಲ್ಲ ಜೋಡಿಸಿದ್ದು, ಬಾಯಿ ಕೈಗೆ ಸಿಗುವಂತಿಲ್ಲದಿದ್ದರೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಕೊಳವೆಯನ್ನು ಏರ್ ಫಿಲ್ಟರ್ ಬಾಯಿಗೆ ಹಿಡಿದು ಎಡೆಬಿಡದೆ ಗ್ಯಾಸ್ ಹಾಯಿಸಿ. ಕೊಳವೆಯ ತುದಿ ಹಿಮದಷ್ಟು ತಣ್ಣಗಾಗಿ ಚರ್ಮ ಸುಡುತ್ತದೆ, ಹಿಡಿಯಿರುವಲ್ಲೇ ಹಿಡಿಯಿರಿ.

ಅಂಗೈಯಿಂದ ಮುಚ್ಚಬೇಡಿ. ನೀರು ಸುರಿಯಬೇಡಿ, ನೀರು ಅದುಮಿಕೊಳ್ಳುವುದಿಲ್ಲ, ರಾಡ್ ಬಾಗುತ್ತದೆ. ಕಾಮನ್ ರೈಲ್ (ಒಂದೇ ಅತಿ ಒತ್ತಡದ ಕೊಳವೆಯಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಕೊಡುವ) ಎಂಜಿನ್ನಿನ ಡೀಸೆಲ್ ಪೈಪಿಗೆ ಪಾನಾ ಹಾಕಬೇಡಿ. ಅದರಲ್ಲಿ ಒತ್ತಡ 1,000 ಬಾರ್ ದಾಟುತ್ತದೆ, ನಮ್ಮ ಕಾರಿನ ಟೈರಿನಲ್ಲಿರುವುದು ಸುಮಾರು 2 ಬಾರ್. ಆ ಚಿಮ್ಮು ಚರ್ಮ ತೂರಿ ಒಳಗೆ ಹೋಗುತ್ತದೆ, ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು. ಹಾಗೇನಾದರೂ ಆದರೆ ಅರಿಶಿನ ಮೆತ್ತಿ ಮನೆಗೆ ಹೋಗುವ ಗಾಯವಲ್ಲ ಅದು. ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ (ಮೊದಲಿನ ವಿಮ್ಸ್), ರಾಯಚೂರಿನ ರಿಮ್ಸ್‌ನಂಥ ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಗೆ ತಕ್ಷಣ ಹೋಗಿ, “ಒತ್ತಡದ ಡೀಸೆಲ್ ಒಳಗೆ ಹೋಗಿದೆ” ಎಂದು ಬಾಯಿಬಿಟ್ಟು ಹೇಳಿ.

ಇಷ್ಟಾದರೂ ನಿಲ್ಲದಿದ್ದರೆ ಬಿಟ್ಟು ಬನ್ನಿ. ಎಂಜಿನ್ನಿನ ಪಕ್ಕಕ್ಕೆ, ಬೆಲ್ಟು-ಫ್ಲೈವೀಲ್ ತಿರುಗುವ ಸಾಲಿಗೆ ಯಾರೂ ನಿಲ್ಲಬಾರದು, ಒಡೆದ ಚೂರು ಹಾರುವುದು ಆ ಕಡೆಗೇ. ಗೋಡೆಯ ಮರೆಗೆ ಹೋಗಿ, ಹೊಗೆಯ ಬದಲು ಉರಿ ಕಂಡರೆ 112ಕ್ಕೆ ಫೋನ್ ಮಾಡಿ. ಎಂಜಿನ್ ಹೋದರೆ ಹೋಗಲಿ.

ರಸ್ತೆಯಲ್ಲಿ ಹೀಗಾದರೆ

ಗ್ಯಾರೇಜಿನಿಂದ ಹೊರಟು ಸಿರುಗುಪ್ಪ ರಸ್ತೆಯಲ್ಲೋ ಕುಷ್ಟಗಿ ಹೈವೇಯಲ್ಲೋ ಹೋಗುವಾಗ ಕಾರು ತಾನಾಗಿ ವೇಗ ಹಿಡಿದರೆ ಎಲ್ಲರ ಕಾಲೂ ಮೊದಲು ಹೋಗುವುದು ಕ್ಲಚ್ಚಿಗೆ. ಕ್ಲಚ್ ಒತ್ತಬೇಡಿ. ಎಂಜಿನ್ನಿಗಿದ್ದ ಭಾರ ಕಳಚಿ ಅದು ಒಂದೇ ಕ್ಷಣದಲ್ಲಿ ಕೈಮೀರುತ್ತದೆ. ಗೇರಿನಲ್ಲೇ ಇದ್ದು, ಹಜಾರ್ಡ್ ಲೈಟ್ ಹಾಕಿ, ರಸ್ತೆಯ ಎಡಕ್ಕೆ ಬರುತ್ತ ಬ್ರೇಕನ್ನು ಒಂದೇ ಸಮ ಬಲವಾಗಿ ತುಳಿಯಿರಿ, ಬಿಟ್ಟು ಬಿಟ್ಟು ತುಳಿದರೆ ಬ್ರೇಕಿನ ಬೂಸ್ಟರಿನ ಬಲ ಕುಗ್ಗಬಹುದು. ಕೀ ಒಂದು ಹಂತ ಹಿಂದಕ್ಕೆ ತಿರುಗಿಸಿ, ಹೊರಗೆ ಎಳೆಯಬೇಡಿ, ಎಳೆದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಕಾರು ಗೇರಿನಲ್ಲೇ ನಡುಗಿ ನಿಲ್ಲಬೇಕು. ನಿಂತ ಮೇಲೂ ಗೇರಿನಲ್ಲೇ ಬಿಟ್ಟು, ಎಲ್ಲರೂ ಇಳಿದು ದೂರ ಬನ್ನಿ.

ನಿಂತ ಮೇಲೆ

“ನಿಂತಿತಲ್ಲ, ಈಗ ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ” ಎನ್ನುವವರನ್ನು ತಡೆಯಿರಿ. ಆಯಿಲ್ ಎಲ್ಲಿಂದ ಬಂತೆಂದು ಗೊತ್ತಾಗದೆ ಸೆಲ್ಫ್ ಹೊಡೆದರೆ ಎರಡನೇ ಸಲವೂ ಅದೇ. ಬ್ಯಾಟರಿ ಕಳಚಿ, ಎಂಜಿನ್ ತಣ್ಣಗಾಗಲಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ತಣಿದ ಮೇಲೆ ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ, ವಾಲ್ವು ಪಿಸ್ಟನ್ನಿಗೆ ತಾಗಿರಬಹುದು ಅಥವಾ ಸಿಲಿಂಡರಿನಲ್ಲಿ ಆಯಿಲ್ ತುಂಬಿರಬಹುದು. ಸಲೀಸಾಗಿ ತಿರುಗಿದರೆ ಏರ್ ಪೈಪು, ಇಂಟರ್‌ಕೂಲರ್, ಬ್ರೀದರ್ ಮೂರನ್ನೂ ಬಿಚ್ಚಿ: ಎಲ್ಲಿ ಒದ್ದೆಯಿದೆಯೋ ಅಲ್ಲಿಂದ ಹಿಂದಕ್ಕೆ ಹುಡುಕಿಕೊಂಡು ಹೋದರೆ ಮೂಲ ಸಿಗುತ್ತದೆ. ಟರ್ಬೊ ಶಾಫ್ಟ್ ಆಡುತ್ತದೆಯೇ ನೋಡಿ. ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರು ಗಾಳಿಯನ್ನು ಎಷ್ಟು ಅದುಮುತ್ತದೆ ಎಂಬ ಅಳತೆ. ಒಂದು ಸಿಲಿಂಡರ್ ಉಳಿದವಕ್ಕಿಂತ ಬಹಳ ಕಡಿಮೆ ಬಂದರೆ ಹೆಡ್ ಬಿಚ್ಚದೆ ಗತಿಯಿಲ್ಲ. ಗೇರಿನಲ್ಲಿ ನಿಲ್ಲಿಸಿದ್ದರೆ ಕ್ಲಚ್ ಪ್ಲೇಟನ್ನೂ ಇಳಿಸಿ ನೋಡಬೇಕು.

ಎಷ್ಟು ಹೊತ್ತು ಕೂಗಿತು, ಮುಳ್ಳು ಎಲ್ಲಿಗೆ ಹೋಗಿತ್ತು ಎಂಬುದನ್ನು ಅಲ್ಲಿದ್ದವರೆಲ್ಲ ನೆನಪಿರುವಾಗಲೇ ಬರೆದಿಡಿ. ಐದಾರು ಸೆಕೆಂಡಿನಲ್ಲಿ ನಿಂತ ಎಂಜಿನ್ ಬಹುಪಾಲು ಬದುಕಿರುತ್ತದೆ. ಕೆಂಪು ಗೆರೆ ದಾಟಿ ಅರ್ಧ ನಿಮಿಷ ಕೂಗಿದ್ದಾದರೆ, ಕಂಪ್ರೆಷನ್ ಚೆನ್ನಾಗಿ ಬಂದರೂ ಚೇಂಬರ್ ಇಳಿಸಿ ಬೇರಿಂಗ್ ನೋಡಿ, ಕನೆಕ್ಟಿಂಗ್ ರಾಡಿನ ಬೋಲ್ಟುಗಳನ್ನು ಹೊಸದಾಗಿ ಹಾಕಿ. ಅತಿವೇಗದಲ್ಲಿ ಹಿಗ್ಗಿದ ಬೋಲ್ಟು ಕಣ್ಣಿಗೆ ಸರಿಯಾಗೇ ಕಾಣುತ್ತದೆ.